ಎಣ್ಣೆ ಟ್ಯಾಪೆಟ್ಟಿನ ಕಾರು

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಕೂಗಿ ಕರೆಯುತ್ತಿರಲಿಲ್ಲ. ಪಾಂಡವಪುರದಿಂದ ತೊಣ್ಣೂರಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಒಂದು ಹೆಂಚಿನ ಮನೆ. ಅದರ ಮುಂದಿನ ಅರ್ಧ ಅಪ್ಪನ ಮೋಟಾರು ಶೆಡ್ಡು, ಹಿಂದಿನ ಅರ್ಧ ಅಪ್ಪ, ಅವ್ವ, ನಾನು ಬದುಕುವ ಜಾಗ. ಅಪ್ಪನನ್ನು ಊಟಕ್ಕೆ ಕರೆಯಬೇಕಾದರೆ ಹತ್ತಿರ ಹೋಗಿ ಹೆಗಲು ಮುಟ್ಟಬೇಕು. ಗಾಡಿಯ ಅಡಿ ಮಲಗಿದ್ದರೆ ಪಾದ ತಟ್ಟಬೇಕು. ಬೇರೆಯವರ ಮನೆಗಳಲ್ಲಿ ಗೋಡೆಗೆ ಒರಗಿ ಸಾಲಾಗಿ ಉಣ್ಣುತ್ತಿದ್ದರೆ ನಾವು ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ದುಂಡಗೆ ಕೂರುತ್ತಿದ್ದೆವು. ಬಲ್ಬಿನ ವೈರನ್ನು ಉದ್ದ ಮಾಡಿ ಅಪ್ಪ ಅದನ್ನು ನಮ್ಮ ತಲೆಗಳ ನಡುವೆ ಇಳಿಬಿಟ್ಟಿದ್ದ. ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡುವಂತಿರಲಿಲ್ಲ. ಮುದ್ದೆ ಗಂಟಲಿಳಿದ ಮೇಲೇ ಮಾತು. ಇದು ಎಲ್ಲರ ಮನೆಯ ಪದ್ಧತಿ ಅಂದುಕೊಂಡೇ ನಾನು ಬೆಳೆದೆ. ಒಂದು ದಿನ ಗೆಳತಿಯ ಮನೆಯಲ್ಲಿ ಅವಳ ತಾಯಿ ಒಲೆಯ ಮುಂದಿನಿಂದಲೇ ಮಗಳನ್ನು ಊಟಕ್ಕೆ ಕೂಗಿದಾಗ, ಏನೋ ಅನಾಹುತವಾಯಿತೆಂದು ನಾನು ಎದ್ದು ಓಡಿದ್ದೆ.

ಅಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ. ಹರೆಯದಲ್ಲಿ ಆಲೆಮನೆಯ ಡೀಸೆಲ್ ಎಂಜಿನ್ನಿನ ಪಕ್ಕ ವರ್ಷಗಟ್ಟಲೆ ನಿಂತು ನಿಂತು, ನಾನು ಹುಟ್ಟುವ ಹೊತ್ತಿಗೆ ಎಡಗಿವಿ ಹೋಗಿತ್ತು. ನಾನು ಶಾಲೆಗೆ ಸೇರುವಷ್ಟರಲ್ಲಿ ಬಲಗಿವಿಯೂ ಹೋಯಿತು. ಆ ಸಂಗತಿ ಮನೆಯ ಹೊಸಿಲು ದಾಟದಂತೆ ಕಾಯುವುದು ನಮ್ಮ ಕೆಲಸವಾಗಿತ್ತು. ಎಂಜಿನ್ನಿನ ಕಾಯಿಲೆಯನ್ನು ಕಿವಿಯಿಂದಲೇ ಹಿಡಿಯಬೇಕು ಎಂದು ನಂಬಿದ್ದ ಜನ, ಕಿವುಡ ಮೆಕ್ಯಾನಿಕ್ಕಿನ ಹತ್ತಿರ ಗಾಡಿ ಬಿಡುತ್ತಾರೆಯೇ? ಅಪ್ಪ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದ. ಅವನ ದನಿ ಏರಿದರೆ ಅವ್ವ ಎಲ್ಲಿದ್ದರೂ ಅಂಗೈಯನ್ನು ಕೆಳಮುಖ ಮಾಡಿ ಮೆಲ್ಲಗೆ ಇಳಿಸುವಳು. ಅವನ ದನಿಯೂ ಹಾಗೇ ಇಳಿಯುತ್ತಿತ್ತು. ಊರವರಿಗೆ ಚನ್ನಪ್ಪ ಅಂದರೆ ಬಲು ಮೆದು ಮಾತಿನ ಮನುಷ್ಯ.

ಎಂಜಿನ್ನಿನ ಸದ್ದು ಕೇಳಿಸಿಕೊಳ್ಳುವವಳು ಅವ್ವ. ಶೆಡ್ಡಿಗೂ ಅಡುಗೆಮನೆಗೂ ನಡುವೆ ಮರದ ಸರಳಿನ ಒಂದು ಕಿಟಕಿಯಿತ್ತು. ಗಾಡಿ ಬಂದು ನಿಂತ ಕೂಡಲೇ ಅವ್ವ ಕಾಳು ಆರಿಸುವ ಮೊರ ಹಿಡಿದು ಅಲ್ಲಿ ಬಂದು ನಿಲ್ಲುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತದವಳು ಎಂಜಿನ್ನುಗಳನ್ನು ತನ್ನ ಅಡುಗೆಮನೆಯಿಂದಲೇ ಕಲಿತಿದ್ದಳು. ಒಗ್ಗರಣೆ ಸಿಡಿದಂತಿದ್ದರೆ ಒಂದು ಸಿಲಿಂಡರ್ ಉರಿಯುತ್ತಿಲ್ಲ. ರೊಟ್ಟಿ ತಟ್ಟಿದಂತಿದ್ದರೆ ಬೇರಿಂಗು. ಬಳೆಗೆ ಬಳೆ ಬಡಿದಂತಿದ್ದರೆ ಟ್ಯಾಪೆಟ್ಟು. ಅವಳು ಕೈಬಳೆ ತಿರುಗಿಸಿಕೊಂಡರೆ ಅಪ್ಪನಿಗೆ ಗೊತ್ತಾಗುತ್ತಿತ್ತು. ಗಿರಾಕಿಗಳು ಹೆಂಗಸು ಬಳೆ ಸರಿಮಾಡಿಕೊಂಡಳು ಅಂದುಕೊಳ್ಳುವರು. ಅಪ್ಪ ಬಾನೆಟ್ಟಿಗೆ ಕಿವಿಯಾನಿಸಿ ನಾಟಕ ಮಾಡಿ, 'ಟ್ಯಾಪೆಟ್ ಸಂದು ಜಾಸ್ತಿಯಾಗದೆ' ಎಂದು ಹೇಳುವನು. ಅವ್ವ ಮುಟ್ಟಾಗಿ ಹೊರಗೆ ಕೂತ ದಿನಗಳಲ್ಲಿ ಆ ಕಿಟಕಿಗೆ ನಾನು ನಿಲ್ಲುತ್ತಿದ್ದೆ.

ಅವರಿಬ್ಬರ ಜಗಳವೂ ನೋಡುವಂತಿರುತ್ತಿತ್ತು. ಬೈಯಬೇಕಾದರೆ ಅವ್ವ ಕೆಲಸ ಬಿಟ್ಟು ಎದುರಿಗೇ ಬಂದು ನಿಲ್ಲಬೇಕು. ಮಾತು ಸಾಕೆನಿಸಿದರೆ ಅಪ್ಪ ಸುಮ್ಮನೆ ಕಣ್ಣು ಮುಚ್ಚಿಬಿಡುವನು, ಅಲ್ಲಿಗೆ ಜಗಳ ಮುಗಿಯಿತು. ಒಂದು ಸಲ ಅವ್ವ ಹಿಟ್ಟಿನ ಕೈಯಲ್ಲೇ ಅವನ ಎರಡೂ ರೆಪ್ಪೆ ಎತ್ತಿ ಹಿಡಿದು ಉಳಿದದ್ದನ್ನು ಬೈದು ಮುಗಿಸಿದ್ದಳು. ಕೊನೆಗೆ ಮೂವರೂ ನಕ್ಕೆವು.

ನಾನು ಆರನೇ ತರಗತಿಯಲ್ಲಿದ್ದಾಗ ಗುಟ್ಟು ಒಡೆಯಿತು. ಯಾರೋ ಒಬ್ಬ ಟ್ರಾಕ್ಟರಿನವನಿಗೆ ಅನುಮಾನ ಬಂದು, ಅಪ್ಪನ ಬೆನ್ನ ಹಿಂದೆ ದೊಡ್ಡ ಸ್ಪ್ಯಾನರನ್ನು ಬೇಕೆಂದೇ ಕಲ್ಲಿನ ಮೇಲೆ ಬೀಳಿಸಿದ. ಕಟ್ಟೆಯ ಮೇಲಿದ್ದ ನಾಯಿ ಎದ್ದು ಓಡಿತು. ಅಪ್ಪ ತಿರುಗಿ ನೋಡಲಿಲ್ಲ. ಆ ಕತೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಒಂದು ವಾರ ಓಡಿತು. ಶೆಡ್ಡಿನ ಮುಂದೆ ನಿಲ್ಲುತ್ತಿದ್ದ ಗಾಡಿಗಳು ಒಂದೊಂದಾಗಿ ಮುಂದಕ್ಕೆ ಹೋಗತೊಡಗಿದವು. ಅಪ್ಪ ಬೆಳಿಗ್ಗೆ ಎದ್ದು ಸಾಮಾನುಗಳನ್ನು ಒರೆಸಿ ಸಾಲಾಗಿ ಜೋಡಿಸಿ ರಸ್ತೆ ನೋಡುತ್ತ ಕೂರುವನು. ಸಂಜೆ ಅವನ್ನೇ ಮತ್ತೆ ಪೆಟ್ಟಿಗೆಗೆ ತುಂಬುವನು. ಆಗ ನಾಗಮಂಗಲದಿಂದ ನನ್ನ ಸೋದರಮಾವ ರಾಮಣ್ಣ ಬಂದ. ಕೊಬ್ಬರಿ ಮಂಡಿಯೊಂದರಲ್ಲಿ ಅವನಿಗೆ ಪರಿಚಯವಿತ್ತು. ಉಪ್ಸಾರು ಮುದ್ದೆ ಉಣ್ಣುತ್ತ ವಿಷಯ ತೆಗೆದ.

“ಭಾವ, ಶೆಡ್ಡು ಮುಚ್ಚಿಬುಡಿ. ಮಂಡಿಗೆ ಕಾವಲಿಗೆ ಒಬ್ರು ಬೇಕಂತೆ. ಇರಾಕೆ ರೂಮೂ ಕೊಡ್ತಾರೆ. ಮಗೀನೂ ಅಲ್ಲೇ ಇಸ್ಕೂಲಿಗೆ ಹಾಕಾನ.”

“ಕಿವಿ ಕೇಳ್ದೇ ಇರೋನ್ನ ಕಾವಲಿಗೆ ಮಡಿಕಂಡ್ರೆ ಕಳ್ಳರಿಗೆ ಒಳ್ಳೇದು ಕಣಪ್ಪ,” ಎಂದ ಅಪ್ಪ.

ನಾನು ನಕ್ಕೆ. ಅವ್ವ ನಗಲಿಲ್ಲ. ಅವಳು ತುತ್ತು ನುಂಗಿ, ಅಪ್ಪನಿಗೆ ಕಾಣುವಂತೆ ಮುಖವೆತ್ತಿ ಹೇಳಿದಳು.

“ನಂಗೂ ಸಾಕಾಗದೆ. ಎಷ್ಟು ವರ್ಸಾಂತ ಕಿಟಕೀಲಿ ನಿಂತ್ಕಂಡು ಜನಕ್ಕೆ ಸುಳ್ಳಾಡ್ಲಿ? ಓಗವ.”

ಅಪ್ಪ ಕಣ್ಣು ಮುಚ್ಚಲಿಲ್ಲ. ಅವಳನ್ನೇ ನೋಡುತ್ತ ಕೂತ. ಆ ದಿನ ಅವನು ಎರಡನೇ ಮುದ್ದೆ ಮುಟ್ಟಲಿಲ್ಲ.

ಆ ಕಾರು ಬಂದದ್ದು ಆ ವಾರದಲ್ಲೇ, ಒಂದು ಮಂಗಳವಾರ ಬೆಳಿಗ್ಗೆ. ಕೆ.ಆರ್. ಪೇಟೆ ಕಡೆಯ ದೊಡ್ಡ ಜಮೀನುದಾರರಾದ ಗೌಡರೊಬ್ಬರ ಮನೆಯ ಹಳೇ ಅಮೆರಿಕಾ ಕಾರು. ಟೀ ಅಂಗಡಿಯ ಕತೆ ಅವರ ಊರಿಗೆ ಮುಟ್ಟಿರಲಿಲ್ಲ. ಕೆನೆಬಣ್ಣ, ಎತ್ತಿನ ಗಾಡಿ ಎರಡು ನಿಲ್ಲಿಸಿದಷ್ಟು ಉದ್ದ, ಮುಂಭಾಗದಲ್ಲಿ ನಗುವ ಬಾಯಿಯಂಥ ಹೊಳೆಯುವ ಜಾಲರಿ. ಆದರೆ ಅದರ ಹೊಟ್ಟೆಯಿಂದ ಬರುತ್ತಿದ್ದ ಸದ್ದು, ತಗಡಿನ ಡಬ್ಬಕ್ಕೆ ಕಲ್ಲು ತುಂಬಿ ಕುಲುಕಿದಂತಿತ್ತು. ಓಡಿಸಿಕೊಂಡು ಬಂದವರು ಗೌಡರ ಡ್ರೈವರು ಬಾಷಾ ಸಾಬರು. ಗಂಜಾಮಿನವರು, ನರೆತ ಗಡ್ಡ, ಇಸ್ತ್ರಿ ಮಾಡಿದ ಬಿಳಿ ಷರಟು. ಹಿಂದಿನ ಸೀಟಿನಿಂದ ಗೌಡರು ಇಳಿಯಲೇ ಇಲ್ಲ. ಕಿಟಕಿಯಿಂದ ಮುಖ ಹಾಕಿದರು.

“ನೋಡ್ಲಾ ಚನ್ನಪ್ಪ, ಮೈಸೂರಲ್ಲಿ ಮೂರು ಕಡೆ ತೋರ್ಸಾಯ್ತು. ಒಬ್ಬೊಬ್ಬನ ಕೈ ಬಿದ್ದಂಗೂ ಸದ್ದು ಜಾಸ್ತಿ ಆಯ್ತಾ ಓಯ್ತು. ಶುಕ್ರವಾರ ಗುಜರಿಯೋನು ಬತ್ತಾನೆ, ಕೊಟ್ಬುಡ್ತೀನಿ. ಈ ಬಾಷಾ ಅಳ್ತಾವ್ನೆ, ನಿನ್ನತ್ರ ಒಂದ್ಸಲ ತೋರ್ಸವ ಅಂತ.”

ಬಾಷಾ ಸಾಬರು ಅಪ್ಪನ ಎದುರಿಗೆ ಬಂದು ನಿಂತು ಅವನ ಕೈ ಹಿಡಿದುಕೊಂಡರು.

“ಇಪ್ಪತ್ತು ವರ್ಸ ಓಡ್ಸಿವ್ನಿ ಭಾಯ್. ಮುಂಚೆ ಇದು ನಿಂತದೋ ಓಡ್ತಾ ಅದೋ ಗೊತ್ತೇ ಆಯ್ತಿರ್ಲಿಲ್ಲ. ಗುಜರಿಗೆ ಬ್ಯಾಡ, ಖುದಾ ಕಸಂ.”

ಅಪ್ಪ ಕಿಟಕಿಯ ಕಡೆ ನೋಡಿದ. ಅವ್ವ ಅಲ್ಲಿದ್ದಳು. ಬಳೆ ತಿರುಗಿಸಿದಳು, ಮತ್ತೆ ತಿರುಗಿಸಿದಳು, ಆಮೇಲೆ ಎರಡೂ ಕೈ ಬಿಟ್ಟು ತಲೆಯಾಡಿಸಿದಳು. ಟ್ಯಾಪೆಟ್ಟು ಹೌದು, ಆದರೆ ಯಾವುದೆಂದು ಹೇಳಲಾಗುವುದಿಲ್ಲ. ಎಲ್ಲವೂ ಒಟ್ಟಿಗೆ ಬಡಿಯುತ್ತಿವೆ. ಅವಳ ಕಿವಿ ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಪ್ಪ ಕಾರಿನ ಕಡೆ ತಿರುಗಿ ಅಂದ.

“ಬುಟ್ಟೋಗಿ ಗೌಡ್ರೆ. ಶುಕ್ರವಾರ ಬೆಳಿಗ್ಗೆ ಬನ್ನಿ.”

ಟ್ಯಾಪೆಟ್ಟು ಅಂದರೆ ನಮ್ಮ ಊರಿನ ಮೆಕ್ಯಾನಿಕ್ಕುಗಳಿಗೆಲ್ಲ ಗೊತ್ತಿದ್ದ ವಿದ್ಯೆ. ಎಂಜಿನ್ ತಿರುಗಿದಂತೆ ಮೇಲೆ ಕೆಳಗೆ ಆಡುವ ಆ ತುಂಡಿನ ಮೇಲೆ ಬೆರಳುಗಾತ್ರದ ಒಂದು ಕಬ್ಬಿಣದ ಕಡ್ಡಿ ನಿಂತಿರುತ್ತದೆ. ಕಡ್ಡಿ ಮೇಲೇರಿದಾಗ ರಾಕರ್ ಎಂಬ ಪುಟ್ಟ ಏತವನ್ನು ಒತ್ತುತ್ತದೆ. ಏತ ವಾಲ್ವನ್ನು ತೆರೆಯುತ್ತದೆ. ಕಬ್ಬಿಣ ಕಾದು ಹಿಗ್ಗುವುದಕ್ಕೆಂದು ಏತಕ್ಕೂ ವಾಲ್ವಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಡಬೇಕು. ಮೈಸೂರಿನವರೂ ಹಾಗೇ ಬಿಟ್ಟಿದ್ದರು. ಎಂಜಿನ್ ಓಡುವಾಗಲೇ ಕಿವಿಗೊಟ್ಟು ಕೇಳಿ ಕೇಳಿ ಒಂದನ್ನು ಸಡಿಲಿಸಿದ್ದರು, ಇನ್ನೊಂದನ್ನು ಬಿಗಿದಿದ್ದರು. ಅಪ್ಪ ಕೇಳುವ ಹಾಗಿಲ್ಲವಲ್ಲ, ಬಿಚ್ಚಿದ. ಎಂಜಿನ್ನಿನ ಪಕ್ಕದ ತಗಡು ತೆಗೆದು ಒಂದು ಟ್ಯಾಪೆಟ್ಟನ್ನು ಹೊರಗೆಳೆದು ಅಂಗೈಯಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತ. ಉಳಿದ ಕಾರುಗಳಲ್ಲಿ ಅದು ಗಟ್ಟಿ ಕಬ್ಬಿಣದ ತುಂಡು. ಇದರ ನೆತ್ತಿಯನ್ನು ಕಡ್ಡಿಯಿಂದ ಒತ್ತಿದರೆ ಒಳಗೇನೋ ತುಸು ಕುಸಿಯುತ್ತಿತ್ತು. ಬಹಳ ಹೊತ್ತು ಅದನ್ನೇ ಒತ್ತುತ್ತ ಕೂತಿದ್ದ. ಅವ್ವ ಕಾಫಿ ತಂದಿಟ್ಟಳು, ತಣ್ಣಗಾಯಿತು. ಇದ್ದಕ್ಕಿದ್ದಂತೆ ಎದ್ದು ಅಡುಗೆಮನೆಗೆ ಬಂದು ಸೀಮೆಎಣ್ಣೆ ಸ್ಟವ್ವಿನ ಪಂಪನ್ನು ಎರಡು ಸಲ ಒತ್ತಿ ನೋಡಿ ಅವ್ವನ ಕಡೆ ತಿರುಗಿದ.

“ಇದು ಪಂಪು ಕಣೇ ಸಾಕಿ! ಇದ್ರ ಹೊಟ್ಟೇಲಿ ಎಣ್ಣೆ ತುಂಬ್ಕಂಡ್ರೆ ತಾನೇ ಮೇಲೆದ್ದು ಸಂದು ಮುಚ್ಕತದೆ. ಇದ್ಕೆ ಸಂದೇ ಬುಡಬಾರ್ದು. ಅವ್ರೆಲ್ಲ ಸಂದು ಬುಟ್ಟು ಕೆಡ್ಸವ್ರೆ. ಒಳಗೆ ಕಿಲುಬು ಬೇರೆ ಕಟ್ಟದೆ.”

ಅಪ್ಪನ ದನಿ ಬೀದಿಗೆ ಕೇಳುವಷ್ಟು ಏರಿತ್ತು. ಅವ್ವ ಅಂಗೈ ಇಳಿಸುವುದನ್ನು ಮರೆತು ನಿಂತಿದ್ದಳು.

ಒಟ್ಟು ಹನ್ನೆರಡು ಟ್ಯಾಪೆಟ್ಟು. ಪ್ರತಿಯೊಂದರ ಒಳಗೆ ಏರಿಳಿಯುವ ಕೊಂತ, ಸ್ಪ್ರಿಂಗು, ಪುಟ್ಟ ಗುಂಡು ಆಯಾ ಟ್ಯಾಪೆಟ್ಟಿಗೇ ಹೊಂದಿ ಸವೆದಿರುತ್ತವೆ. ಒಂದರದು ಇನ್ನೊಂದಕ್ಕೆ ಸೇರಿದರೆ ಎಣ್ಣೆ ನಿಲ್ಲುವುದಿಲ್ಲ. ಬೇರೆ ಬೇರೆಯಾಗಿ ತೊಳೆಯಲು ಹನ್ನೆರಡು ಆಳವಾದ ಪಾತ್ರೆ ಬೇಕಿತ್ತು. ಅಪ್ಪ ಅವ್ವನ ಮುಂದೆ ನಿಂತು ಬೆರಳೆಣಿಸಿ ಹನ್ನೆರಡು ಎಂದು ತೋರಿಸಿದ. ನಮ್ಮ ಮನೆಯಲ್ಲಿ ಹನ್ನೆರಡಿದ್ದದ್ದು ಒಂದೇ ಸಾಮಾನು: ಅವ್ವ ತವರಿನಿಂದ ತಂದ ಸ್ಟೀಲ್ ಲೋಟ. ನೆಂಟರು ಬಂದರೆ ಮಾತ್ರ ಮರದ ಪೆಟ್ಟಿಗೆಯಿಂದ ಹೊರಗೆ ಬರುತ್ತಿದ್ದವು. ಅವುಗಳಲ್ಲಿ ಸೀಮೆಎಣ್ಣೆ! ರಾಮಣ್ಣಮಾವ ಜಗಲಿಯಿಂದಲೇ ರೇಗಿದ.

“ಭಾವಂಗೆ ಬುದ್ಧಿ ಓಗದೆ ಅಂದ್ರೆ ನಿಂಗೂ ಓಗದಾ ಅಮ್ಮಿ? ಗಂಟುಮೂಟೆ ಕಟ್ಟು ಅಂತ ನಾನು ಕಾಯ್ತಾ ಕುಂತಿವ್ನಿ.”

ಅವ್ವ ಒಳಗೆ ಹೋದಳು. ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದು ಕೇಳಿಸಿತು. ಸೆರಗಿನಲ್ಲಿ ಲೋಟಗಳನ್ನು ತುಂಬಿಕೊಂಡು ಬಂದು ಶೆಡ್ಡಿನ ನೆಲದ ಮೇಲೆ ಒಂದೊಂದಾಗಿ ಸಾಲಿಗಿಟ್ಟಳು. ಮುಂದೆ ಸೀಮೆಸುಣ್ಣದಲ್ಲಿ ಒಂದರಿಂದ ಹನ್ನೆರಡರವರೆಗೆ ಅಂಕಿ ಬರೆದವಳು ನಾನು. ಆಮೇಲೆ ಮೂರು ದಿನ ನಾವೆಲ್ಲ, ರಾಮಣ್ಣಮಾವನೂ ಸೇರಿ, ಒಂದೇ ಚೊಂಬಿನಲ್ಲಿ ಸರದಿಯ ಮೇಲೆ ಕಾಫಿ ಎತ್ತಿ ಕುಡಿದೆವು. ಮಾಡಿದ ಸಾರಿಗೂ ಸೀಮೆಎಣ್ಣೆಯ ವಾಸನೆ. ಅಪ್ಪ ಒಂದೊಂದು ಟ್ಯಾಪೆಟ್ಟನ್ನೂ ಎಳೆಮಗುವಿನ ತಲೆ ತೊಳೆಯುವಂತೆ ತೊಳೆದ. ಒಳಗಿನಿಂದ ಮಡ್ಡಿಯಂಥ ಕಪ್ಪು ಕಿಲುಬು ಕರಗಿ ಬಂತು.

ಗುರುವಾರ ಮಧ್ಯಾಹ್ನ ಎಲ್ಲ ಜೋಡಿಸಿ ಕಡ್ಡಿಗಳನ್ನು ನಿಲ್ಲಿಸಿದ. ಇನ್ನುಳಿದದ್ದು ಬಿಗಿಯುವ ಕೆಲಸ. ಎಂಜಿನ್ ಆರಿಸಿಯೇ ಇತ್ತು. ಕೈಯಿಂದ ತಿರುಗಿಸಿ, ಒಂದು ಸಿಲಿಂಡರಿನ ಎರಡು ವಾಲ್ವುಗಳೂ ಪೂರ್ತಿ ಮುಚ್ಚಿರುವ ಜಾಗಕ್ಕೆ ತಂದು ನಿಲ್ಲಿಸಿದ. ಎಡಗೈಯ ಎರಡು ಬೆರಳಲ್ಲಿ ಕಡ್ಡಿಯನ್ನು ಹಿಡಿದು ತಿರುವುತ್ತ, ಬಲಗೈಯಲ್ಲಿ ಮೇಲಿನ ಸ್ಕ್ರೂವನ್ನು ಇಷ್ಟಿಷ್ಟೇ ಬಿಗಿಯುತ್ತ ಹೋದ. ಕಣ್ಣು ಮುಚ್ಚಿದ್ದ. ಒಂದು ಕಡೆ ಬಲಗೈ ನಿಂತಿತು. ನನ್ನನ್ನು ಕರೆದು ನನ್ನ ಬೆರಳುಗಳನ್ನು ಆ ಕಡ್ಡಿಗೆ ಹಿಡಿಸಿದ.

“ತಿರುವು ಮಗ. ಸಲೀಸಾಗಿ ತಿರುಗ್ತದಾ? ಈಗ? ಈಗ ನೋಡು.”

ನೀರಿನಲ್ಲಿ ತಿರುಗಿದಷ್ಟು ಹಗುರವಾಗಿ ತಿರುಗುತ್ತಿದ್ದ ಕಡ್ಡಿ ಒಂದು ಕ್ಷಣದಲ್ಲಿ ಜೇನಿನಲ್ಲಿ ತಿರುಗಿದಂತಾಯಿತು. ಅಷ್ಟೇ. ಕಣ್ಣಿಗೆ ಏನೂ ಕಾಣಲಿಲ್ಲ, ಕಿವಿಗೆ ಏನೂ ಕೇಳಲಿಲ್ಲ. ಸಂದು ಮುಗಿದ ಜಾಗ ಅದು. ಅಲ್ಲಿಂದ ಸರಿಯಾಗಿ ಒಂದು ಸುತ್ತು ಬಿಗಿದು ಅಪ್ಪ ನಟ್ಟು ಹಾಕಿದ. ನಂತರದ ಹನ್ನೊಂದನ್ನೂ ಅವನು ಹಿಡಿದ ಮೇಲೆ ನಾನೊಮ್ಮೆ ಹಿಡಿದು ನೋಡಿದೆ. ಮುಂದೆ ನಾನು ನಾಗಮಂಗಲದ ತರಬೇತಿ ಕೇಂದ್ರವೊಂದರಲ್ಲಿ ಮೋಟಾರು ವಿಭಾಗದ ಶಿಕ್ಷಕಿಯಾಗಿ ನಿವೃತ್ತಿಯವರೆಗೂ ದುಡಿದೆ. ಹುಡುಗರು ಹೆಂಗಸು ಮೇಷ್ಟ್ರನ್ನು ನೋಡಿ ಮುಸಿಮುಸಿ ನಗುತ್ತಿದ್ದರೆ, ಮೊದಲ ದಿನವೇ ಕಣ್ಣಿಗೆ ಬಟ್ಟೆ ಕಟ್ಟಿಸಿ ಒಂದು ಕಡ್ಡಿ ಹಿಡಿಸುತ್ತಿದ್ದೆ. ನಗು ಅಲ್ಲಿಗೆ ನಿಲ್ಲುತ್ತಿತ್ತು.

ಶುಕ್ರವಾರ ಗೌಡರು ಬರುವ ಹೊತ್ತಿಗೆ ಟೀ ಅಂಗಡಿಯಿಂದ ಅರ್ಧ ಊರು ನಮ್ಮ ಶೆಡ್ಡಿನ ಮುಂದಿತ್ತು. ಗುಜರಿಯವನೂ ಲಾರಿ ತಂದು ಎದುರಿಗೆ ನಿಲ್ಲಿಸಿದ್ದ. ಅಪ್ಪ ಎಂಜಿನ್ನಿನ ಮೇಲಿನ ಮುಚ್ಚಳ ಹಾಕದೆ ರಾಕರುಗಳನ್ನು ತೆರೆದೇ ಇಟ್ಟಿದ್ದ. ಆಗ ಅವ್ವ ಒಂದು ಕೆಲಸ ಮಾಡಿದಳು. ಕಿಟಕಿಯ ಬಾಗಿಲನ್ನು ಒಳಗಿನಿಂದ ಮುಚ್ಚಿ, ಹೊರಗೆ ಬಂದು, ಎಲ್ಲರಿಗೂ ಕಾಣುವಂತೆ ಅಪ್ಪನ ಬೆನ್ನ ಹಿಂದೆ, ಜನರ ನಡುವೆ ನಿಂತಳು. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

ಬಾಷಾ ಸಾಬರು ಬಿಸ್ಮಿಲ್ಲಾ ಅಂದು ಚಾವಿ ತಿರುಗಿಸಿದರು.

ಎಂಜಿನ್ ಹತ್ತಿತು. ಅದರ ಜೊತೆಗೇ ಎದ್ದ ಸದ್ದಿಗೆ ಮುಂದಿನ ಸಾಲಿನವರು ಹಿಂದೆ ಸರಿದರು. ಮಂಗಳವಾರಕ್ಕಿಂತ ಎರಡು ಪಾಲು ಜೋರು. ಹನ್ನೆರಡೂ ಒಟ್ಟಿಗೆ ಕಮ್ಮಾರಸಾಲೆಯಂತೆ ಬಡಿಯತೊಡಗಿದವು. ಬಾಷಾ ಸಾಬರ ಮುಖ ಬಿಳಿಚಿತು. ರಾಮಣ್ಣಮಾವ ಹಣೆ ಚಚ್ಚಿಕೊಂಡ. ಗೌಡರು ಗುಜರಿಯವನ ಕಡೆ ತಿರುಗಿ ಕೈ ಮಾಡಿದರು. ಆ ಗದ್ದಲದ ನಡುವೆ ಅಪ್ಪನೊಬ್ಬನೇ ತಣ್ಣಗೆ ನಿಂತಿದ್ದ. ಅವನಿಗೆ ಕೇಳಿಸುತ್ತಿಲ್ಲ, ಅದಕ್ಕೇ ಹೀಗೆ ನಿಂತಿದ್ದಾನೆ ಎಂದು ನನಗೆ ಅಳು ಬಂತು. ಓಡಿಹೋಗಿ ಹೇಳಬೇಕೆಂದು ಹೊರಟೆ. ಅವ್ವ ನನ್ನ ಜುಟ್ಟು ಹಿಡಿದು ನಿಲ್ಲಿಸಿದಳು. ಅಪ್ಪ ಕಣ್ಣು ಮುಚ್ಚಿ, ಕುಣಿಯುತ್ತಿದ್ದ ಮೊದಲ ರಾಕರಿನ ಮೇಲೆ ತೋರುಬೆರಳಿಟ್ಟ. ಬೆರಳ ಸುತ್ತ ಎಣ್ಣೆ ಜಿನುಗುತ್ತಿತ್ತು.

“ಒಂದು ಕುಂತ್ಕತು,” ಎಂದ ಸ್ವಲ್ಪ ಹೊತ್ತಿನಲ್ಲಿ.

ಯಾರಿಗೂ ಅರ್ಥವಾಗಲಿಲ್ಲ. ಬೆರಳು ಎರಡನೆಯದಕ್ಕೆ ಸರಿಯಿತು.

“ಎರಡು ಕುಂತ್ಕತು. ನಾಕೂ ಕುಂತ್ಕತು.”

ಆಗ ಜನ ಮಾತು ನಿಲ್ಲಿಸಿದರು. ಯಾಕೆಂದರೆ ಸದ್ದು ತೆಳುವಾಗುತ್ತಿತ್ತು. ತೊಳೆದ ಟ್ಯಾಪೆಟ್ಟುಗಳ ಬರಿದಾದ ಹೊಟ್ಟೆಗೆ ಎಣ್ಣೆ ಏರುತ್ತಿತ್ತು, ಏರಿದ್ದು ತೆಪ್ಪಗಾಗುತ್ತಿತ್ತು. ಅಪ್ಪ 'ಏಳು' ಅಂದ ಗಳಿಗೆಯಲ್ಲೇ ಒಂದು ಬಡಿತ ಕಳಚಿಬಿತ್ತು. 'ಹತ್ತು' ಅಂದಾಗ ಇನ್ನೊಂದು. ನಮ್ಮ ಕಿವಿಗಳಿಗೆ ಕೇಳಿದ್ದನ್ನೇ ಅವನ ಬೆರಳು ನಮಗಿಂತ ಮೊದಲು ಹೇಳುತ್ತಿತ್ತು. ಕೊನೆಗೆ ಉಳಿದದ್ದು ಒಂಬತ್ತನೆಯದು. ಅದೊಂದೇ ಟಿಕ್ ಟಿಕ್ ಟಿಕ್ ಎನ್ನುತ್ತಿತ್ತು. ಅಪ್ಪ ಅದರ ಮೇಲೆ ಬೆರಳಿಟ್ಟು ಕಾದ. ಗುಜರಿಯವನು ಬೀಡಿ ಆರಿಸಿದ. ಟಿಕ್ ಟಿಕ್. ಟಿಕ್. ಆಮೇಲೆ ಇಲ್ಲ.

ಕಾರು ಓಡುತ್ತಿತ್ತು. ಅದು ಓಡುತ್ತಿದೆಯೆಂದು ಹೇಳುತ್ತಿದ್ದದ್ದು ಹಿಂದಿನ ಕೊಳವೆಯ ತೆಳು ಹೊಗೆ ಮಾತ್ರ. ರಸ್ತೆಯಾಚೆಯ ಹುಣಸೆಮರದಲ್ಲಿ ಗಿಳಿಗಳು ಕಚ್ಚಾಡುವುದು ಕೇಳುತ್ತಿತ್ತು. ಬಾಷಾ ಸಾಬರು ಸ್ಟೇರಿಂಗಿಗೆ ಹಣೆಯಿಟ್ಟು ಅತ್ತರು.

“ಯಾರ್ಲಾ ಕಲ್ಸಿದ್ದು ನಿಂಗೆ ಇದ್ನ?” ಎಂದರು ಗೌಡರು, ಅಪ್ಪನ ಬೆನ್ನ ಹಿಂದಿನಿಂದ.

ಅಪ್ಪ ಮಾತಾಡಲಿಲ್ಲ. ಗೌಡರು ಮತ್ತೆ ಕೇಳಿದರು. ಆ ನಿಶ್ಶಬ್ದದಲ್ಲಿ ಅದು ಎಲ್ಲರಿಗೂ ಕೇಳಿತು, ಅಪ್ಪನೊಬ್ಬನನ್ನು ಬಿಟ್ಟು. ಅವನು ಕಣ್ಣು ತೆರೆದು ತಿರುಗಿದಾಗ ನಮ್ಮೆಲ್ಲರ ಮುಖ ನೋಡಿ ಏನಾಯಿತೆಂದು ತಿಳಿದುಕೊಂಡ. ಅವ್ವನನ್ನು ನೋಡಿದ. ಅವ್ವ ಸೆರಗಿನಿಂದ ಕೈ ತೆಗೆಯಲಿಲ್ಲ. ಅಪ್ಪ ಎಣ್ಣೆಗೈ ಒರೆಸಿಕೊಂಡು, ಬೀದಿಗೆಲ್ಲ ಕೇಳುವಂಥ ಅವನ ನಿಜವಾದ ದನಿಯಲ್ಲಿ ಹೇಳಿದ.

“ನಂಗೆ ಕಿವಿ ಕೇಳಾಕಿಲ್ಲ ಗೌಡ್ರೆ. ಆರು ವರ್ಸಾಯ್ತು. ಎಂಜಿನ್ ಸದ್ದು ಕೇಳಿ ಯೋಳ್ತಿದ್ದೋಳು ನನ್ನೆಂಡ್ರು. ಇದೊಂದು ಮಾತ್ರ ಅವಳ್ನ ಕೇಳ್ದೆ ಮಾಡಿದ್ದು.”

ಗೌಡರು ಹತ್ತಿರ ಬಂದು, ಅಪ್ಪನ ಹೆಗಲು ಹಿಡಿದು ತಮ್ಮ ಮುಖಕ್ಕೆ ನೇರ ನಿಲ್ಲಿಸಿಕೊಂಡರು.

“ಕಿವಿ ಇರೋ ಮೂರ್ ಜನ ಕೆಡ್ಸಿದ್ರು. ನಿಂಗೆ ಕಿವಿ ಯಾಕ್ಲಾ ಬೇಕು? ನಮ್ಮನೆ ಟ್ರಾಕ್ಟರು, ಪಂಪಿನ ಎಂಜಿನ್ನು ಎಲ್ಲಾ ಇನ್ಮೇಕೆ ನಿಂದೇ.”

ಗುಜರಿಯವನ ಲಾರಿ ಬರಿದಾಗಿ ಮೈಸೂರಿಗೆ ಹೋಯಿತು. ಬಾಷಾ ಸಾಬರು ನಮ್ಮನ್ನೆಲ್ಲ ಒತ್ತಾಯ ಮಾಡಿ ಕಾರಿಗೆ ಹತ್ತಿಸಿಕೊಂಡು ತೊಣ್ಣೂರು ಕೆರೆಯವರೆಗೆ ಕರೆದೊಯ್ದರು. ಅಪ್ಪ ಮುಂದಿನ ಅಗಲವಾದ ಸೀಟಿನಲ್ಲಿ, ಗೌಡರ ಪಕ್ಕದಲ್ಲಿ. ಹಿಂದೆ ಅವ್ವ, ನಾನು, ರಾಮಣ್ಣಮಾವ. ಕೆರೆಯ ಏರಿಯ ಮೇಲೆ ಮಾವ ಕಿಟಕಿಯಾಚೆ ನೋಡುತ್ತ, 'ಮಂಡಿಯೋರಿಗೆ ಬೇರೆ ಯಾರ್ನಾರ ನೋಡ್ಕಳಿ ಅಂತ ಯೋಳ್ಬುಡ್ತೀನಿ ಬುಡಮ್ಮಿ' ಎಂದ. ಅವ್ವ ನಗುತ್ತಿದ್ದಳು, ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಇನ್ನು ಮೇಲೆ ಅವಳು ಯಾರಿಗೂ ಸುಳ್ಳು ಹೇಳಬೇಕಿರಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಶೆಡ್ಡಿನ ಮುಂದೆ ಎರಡು ಟ್ರಾಕ್ಟರು, ಒಂದು ಜೀಪು, ನಾಗಮಂಗಲದಿಂದ ಬಂದ ಒಂದು ಸಣ್ಣ ಲಾರಿ ಸಾಲು ನಿಂತಿದ್ದವು. ಅವ್ವ ಜಗಲಿಯ ಮೇಲೆಯೇ ಕುರ್ಚಿ ಹಾಕಿಕೊಂಡು ಕೂತು ಎಲ್ಲರೆದುರಿಗೇ, 'ಇದು ಬೇರಿಂಗು, ಬರ್ಕಳಿ' ಎಂದು ಹೇಳುತ್ತಿದ್ದಳು. ಲಾರಿಯವನು ಅಪ್ಪನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಬಾಯಿ ಅಗಲಿಸಿ, ಕತ್ತಿನ ನರ ಉಬ್ಬುವಂತೆ ಕಿರುಚುತ್ತಿದ್ದ. ಅಪ್ಪ ಅವನ ಎದೆಯ ಮೇಲೆ ಕೈಯಿಟ್ಟು ಒಂದು ಹೆಜ್ಜೆ ಹಿಂದಕ್ಕೆ ನಿಲ್ಲಿಸಿದ.

“ಕೂಗಬ್ಯಾಡಪ್ಪ. ಮಖ ತೋರ್ಸ್ಕಂಡು ಮೆಲ್ಲಗೆ ಯೋಳು, ಸಾಕು,” ಎಂದು ಹೇಳಿ ಬಾನೆಟ್ಟು ಎತ್ತಿದ.